ಎಡಪುಟಕ್ಕೆ ಮಳೆ, ಬಲಪುಟಕ್ಕೆ ಕುದುರೆ

ಮಳೆಯನ್ನು ಅಳೆಯಲು ಗೇಜು ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ, ಕಾಫಿ ಬೀಜದೊಳಗೆ ತೇವ ಎಷ್ಟು ಉಳಿದಿದೆ ಎಂದು ಹೇಳುವುದಕ್ಕೂ ಒಂದು ಪುಟ್ಟ ಯಂತ್ರ ಇದೆ. ಆದರೆ ಒಂದು ಮನೆಯಲ್ಲಿ ಒಂದು ಸಂಜೆಗೆ ಎಷ್ಟು ಅಭಿಪ್ರಾಯ ಸುರಿಯುತ್ತದೆ ಎಂದು ಅಳೆಯುವ ಸಾಧನವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಆ ಕೆಲಸವನ್ನು ನಾನೇ ಮಾಡೋಣವೆಂದು ಹೊರಟೆ. ಹಾಗೆ ಹೊರಟದ್ದಕ್ಕೆ ಕಳೆದ ಫೆಬ್ರವರಿಯಲ್ಲಿ ನಮ್ಮ ಕಾಫಿ ತೋಟದ ಹೂವೇ ಕೈಬಿಟ್ಟುಹೋಗುವ ಹಾಗಾಯಿತು. ಅದರ ವಿವರಗಳೆಲ್ಲ ದಿನ, ವಾರ, ಗಂಟೆಯ ಸಮೇತ ನನ್ನ ಬಳಿ ಇವೆ. ನನ್ನ ಬಳಿ ಎಲ್ಲದರ ವಿವರವೂ ಹಾಗೇ ಇರುತ್ತದೆ. ಕಷ್ಟ ಇರುವುದೇ ಅಲ್ಲಿ.

ಇದು ಚಿಕ್ಕಂದಿನಿಂದ ಬಂದ ಚಟ. ಶಾಲೆಗೆ ಹೋಗುವಾಗ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು ಎಂದು ಪ್ರತಿದಿನ ಬರೆದಿಟ್ಟು, ವರ್ಷದ ಕೊನೆಗೆ ಆ ಪಟ್ಟಿಯನ್ನು ಡ್ರೈವರಿಗೇ ಉಡುಗೊರೆಯಾಗಿ ಕೊಟ್ಟಿದ್ದೆ. ಮರುವರ್ಷದಿಂದ ಅವರು ನಮ್ಮ ಸ್ಟಾಪಿನಲ್ಲಿ ಬಸ್ ನಿಲ್ಲಿಸುವುದನ್ನೇ ಕಡಿಮೆ ಮಾಡಿದರು. ಎಂ.ಕಾಂ. ಮುಗಿಸಿ ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ನಮ್ಮ ಎಸ್ಟೇಟಿನ ರೈಟರ್ ಮಾಡಿದರು. ರೈಟರ್ ಎಂದರೆ ಆಳುಗಳ ಹಾಜರಿ, ಗೊಬ್ಬರ, ಮಳೆ ಎಲ್ಲವನ್ನೂ ಬರೆದಿಡುವ ಗುಮಾಸ್ತ. ಎಸ್ಟೇಟ್ ಎಂದರೆ ಮೂಡಿಗೆರೆ ಹತ್ತಿರದ ಒಂಬತ್ತು ಎಕರೆ ರೋಬಸ್ಟಾ ಕಾಫಿ. ಆಳುಗಳು ಎಂದರೆ ಶೀನ ಮೇಸ್ತ್ರಿ ಮತ್ತು ಅವನು ಕರೆದರೆ ಬರುವ ನಾಲ್ಕು ಜನ. ಆದರೂ ಅಪ್ಪ ಫೋನಿನಲ್ಲಿ ಯಾರಿಗಾದರೂ 'ನಮ್ಮ ರೈಟರನ್ನ ಕೇಳಿ ಹೇಳ್ತೀನಿ' ಎನ್ನುವಾಗ ಅವರ ಧ್ವನಿಗೆ ಮುನ್ನೂರು ಎಕರೆಯ ಗಾಂಭೀರ್ಯ ಬರುತ್ತದೆ. ರೈಟರ್ ಆಗ ಪಕ್ಕದ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಿರುತ್ತಾಳೆ.

ರೈಟರಿನ ಕೆಲಸಗಳಲ್ಲಿ ಅತಿ ಮುಖ್ಯವಾದದ್ದು ಮಳೆ ಬರೆಯುವುದು. ಸುತ್ತಲಿನ ಹದಿನಾಲ್ಕು ತೋಟದವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಬೆಳಗ್ಗೆ ಎಂಟಕ್ಕೆ ಗೇಜು ನೋಡಿ, ಹಿಂದಿನ ದಿನದ ಮಳೆ ಎಷ್ಟು ಇಂಚು, ಎಷ್ಟು ಸೆಂಟ್ ಎಂದು ಎಲ್ಲರೂ ಅದಕ್ಕೆ ಹಾಕಬೇಕು. ನೂರು ಸೆಂಟಿಗೆ ಒಂದು ಇಂಚು. ನಮ್ಮ ಕಡೆ ಇಬ್ಬರು ಎದುರಾದರೆ 'ಊಟ ಆಯ್ತಾ' ಎನ್ನುವ ಮೊದಲು 'ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು' ಎಂದು ಕೇಳುತ್ತಾರೆ. ತನ್ನಲ್ಲಿ ಬಿದ್ದದ್ದು ಕಡಿಮೆ ಎಂದು ಗೊತ್ತಾದವರು ಆಮೇಲೆ ಊಟದ ವಿಷಯ ಎತ್ತುವುದೇ ಇಲ್ಲ. ಈ ಗುಂಪಿನ ಅಡ್ಮಿನ್ ನಮ್ಮ ಮೇಲಿನ ತೋಟದ ರುದ್ರೇಗೌಡರು. ಒಮ್ಮೆ ಮಾರ್ಚಿನಲ್ಲಿ ಅಪ್ಪ 'ಒಂದು ಇಂಚು ಐದು ಸೆಂಟ್' ಎಂದು ಹಾಕಿದಾಗ ಗೌಡರು ಹದಿಮೂರು ತೋಟದವರ ಎದುರಿಗೇ 'ನಿಮ್ಮ ಗೇಜು ಹಲಸಿನ ಮರದ ಕೆಳಗಿದೆ. ಅದು ಮಳೆ ಅಲ್ಲ, ಮರದ ಹನಿ' ಎಂದು ಬರೆದುಬಿಟ್ಟರು. ಬೆಳೆಗಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಅಪ್ಪ ಆವತ್ತೇ ಗೇಜನ್ನು ಕಿತ್ತು ಕಾಫಿ ಒಣಗಿಸುವ ಕಣದ ನಡುಮಧ್ಯಕ್ಕೆ ತಂದು ನೆಟ್ಟರು. ಗೌಡರ ಜೊತೆಗಿನ ಮಾತನ್ನು ಮಾತ್ರ ಆ ಮರದ ಕೆಳಗೇ ಬಿಟ್ಟುಬಂದರು. ಅಂದಿನಿಂದ ನಾವು ಗುಂಪಿಗೆ ಬರೀ ಸಂಖ್ಯೆ ಹಾಕುವುದಿಲ್ಲ. ನನ್ನ ಡೈರಿಯ ಪುಟವನ್ನೇ ಫೋಟೋ ತೆಗೆದು, ಸಾಕ್ಷಿ ಸಮೇತ ಕಳಿಸುತ್ತೇವೆ.

ಮಾತು ಬಿಟ್ಟದ್ದರಿಂದ ಒಂದು ತೊಂದರೆ ಇತ್ತು. ಗೌಡರ ಕೆರೆಯಿಂದ ನಮ್ಮ ತೋಟಕ್ಕೆ ಅಜ್ಜನ ಕಾಲದ ಒಂದು ಪೈಪು ಬರುತ್ತದೆ. ಅದರ ವಾಲ್ವ್ ಇರುವುದು ಗೌಡರ ಬೇಲಿಯ ಆಚೆ. ಮೊದಲೆಲ್ಲ ಅಪ್ಪ ಬೇಲಿಯ ಈಚೆಯಿಂದ ಒಂದು ಕೂಗು ಹಾಕಿದರೆ ಗೌಡರು ವಾಲ್ವ್ ತಿರುಗಿಸುತ್ತಿದ್ದರು. ಈಗ ವಾಲ್ವ್ ಇತ್ತು, ನೀರು ಇತ್ತು, ಕೂಗುವವರು ಇರಲಿಲ್ಲ. ಮರುವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದದ್ದರಿಂದ ಅದರ ನೆನಪೂ ಯಾರಿಗೂ ಆಗಲಿಲ್ಲ.

ಇನ್ನು ಕುದುರೆಯ ವಿಷಯ. ಜನವರಿಯಲ್ಲಿ ಅಮ್ಮನ ಫೋನಿಗೆ ರೀಚಾರ್ಜ್ ಮಾಡಿದಾಗ ಅದರ ಜೊತೆ ಮೂರು ತಿಂಗಳು ಏನೇನೋ ನೋಡುವ ಅವಕಾಶ ಪುಕ್ಕಟೆ ಬಂತು. ಅದನ್ನು ಟಿ.ವಿ.ಗೆ ಜೋಡಿಸಿ ಗುಂಡಿ ಒತ್ತುತ್ತಿದ್ದಾಗ ಪರದೆಯ ತುಂಬ ದನಗಳು ಕಂಡವು. ಮುಂದೆ ಹಾಕಲು ಹೋದ ನನ್ನನ್ನು ಅಜ್ಜಿ ತಡೆದಳು. "ಇರು ಇರು. ಒಳ್ಳೇ ದನ. ನೋಡಾಣ."

ಹಾಗೆ ಶುರುವಾಯಿತು. ಅದು ಅಮೆರಿಕದ ಹಳೇ ಕಾಲದ ಕಥೆ. ಕಣ್ಣು ಹಾಯುವವರೆಗೂ ಬಯಲು, ಎಲ್ಲರ ತಲೆಯ ಮೇಲೂ ಟೋಪಿ, ಎಲ್ಲರ ಸೊಂಟದಲ್ಲೂ ಪಿಸ್ತೂಲು. ಮಾತು ಇಂಗ್ಲಿಷಿನಲ್ಲಿ, ಅರ್ಥ ಹೇಳುವ ಕೆಲಸ ನನ್ನದು. ಹೆಸರುಗಳು ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲವಾದ್ದರಿಂದ ನಾವೇ ಹೆಸರಿಟ್ಟೆವು. ಹೊಳೆ ಪಕ್ಕ ಜಮೀನು ಮಾಡಿಕೊಂಡು ಇಬ್ಬರು ಮಕ್ಕಳ ಜೊತೆ ಇರುವ ವಿಧವೆ 'ಆಯಮ್ಮ'. ಮೇಲುಗಡೆ ಸಾವಿರ ದನ ಸಾಕಿ, ಹೊಳೆಗೆ ಕಟ್ಟೆ ಹಾಕಿ ಆಯಮ್ಮನಿಗೆ ನೀರು ತಪ್ಪಿಸಿದ ದಪ್ಪ ಮೀಸೆಯವನು 'ದೊಡ್ಡ ಧಣಿ'. ಎಲ್ಲಿಂದಲೋ ಬಂದು, ಯಾರ ಜೊತೆಗೂ ನಾಲ್ಕು ಮಾತಿಗಿಂತ ಹೆಚ್ಚು ಆಡದೆ, ಬೇಲಿಗೆ ಒರಗಿ ನಿಲ್ಲುವವನು 'ಕುದುರೆಯವನು'. ನಮ್ಮ ಕಡೆ ಕುದುರೆ ಎಂದರೆ ಕುದುರೆಮುಖ, ಅದೂ ಮುಖ ಮಾತ್ರ. ಇಲ್ಲಿ ಪೂರ್ತಿ ಕುದುರೆ, ಮೇಲೊಬ್ಬ ಮನುಷ್ಯ. ದಿನಾ ಸಂಜೆ ಏಳಕ್ಕೆ ಒಂದು ಕಂತು ನೋಡುವುದೆಂದು ನಿಶ್ಚಯವಾಯಿತು.

ಮೊದಲ ಕಂತಿನಲ್ಲೇ ಅಭಿಪ್ರಾಯಗಳು ಎಷ್ಟು ಜೋರಾಗಿ ಬಿದ್ದವೆಂದರೆ, ಬರೆಯದೆ ಬಿಡುವುದು ಅನ್ಯಾಯ ಎನಿಸಿತು. ಮಳೆಗಾಲವಲ್ಲವಾದ್ದರಿಂದ ಡೈರಿಯ ಎಡಪುಟದಲ್ಲಿ ದಿನವೂ 'ಮಳೆ ಇಲ್ಲ' ಎನ್ನುವುದನ್ನು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಬಲಪುಟ ಖಾಲಿ. ಅದರಲ್ಲಿ ಐದು ಅಂಕಣ ಎಳೆದೆ: ಅಪ್ಪ, ಅಮ್ಮ, ಅಜ್ಜಿ, ಶೀನ ಮೇಸ್ತ್ರಿ, ನಾನು.

ಅಜ್ಜಿಯ ಅಂಕಣ ಹಾಲಿನಿಂದ ಆರಂಭವಾಗುತ್ತದೆ. ಧಾರಾವಾಹಿಯಲ್ಲಿ ಹೊತ್ತು ಮುಳುಗಿತೆಂದರೆ ಎಲ್ಲರೂ ಬೆಂಕಿ ಹಾಕಿಕೊಂಡು ತಗಡಿನ ಕೂಜದಲ್ಲಿ ಕಾಫಿ ಕುದಿಸಿ ಕಪ್ಪಗೆ ಕುಡಿಯುತ್ತಾರೆ. "ಅಷ್ಟು ದನ ಇಟ್ಕಂಡು ಕಾಫಿಗೆ ಒಂದು ತೊಟ್ಟು ಹಾಲಿಲ್ವಾ? ಕರೆಯಕ್ಕೆ ಬರಲ್ವಾ ಅವ್ರಿಗೆ?" ಎಂದು ಅಜ್ಜಿ ಮೊದಲ ದಿನ ಕೇಳಿದಳು. ಇಪ್ಪತ್ತೇಳು ಕಂತು ಮುಗಿದಾಗ ನನ್ನ ಲೆಕ್ಕ ಹೀಗಿತ್ತು: ಕಾಫಿ ಕುಡಿದದ್ದು ಅರವತ್ತನಾಲ್ಕು ಸಲ, ಹಾಲು ಹಾಕಿದ್ದು ಸೊನ್ನೆ, ಸ್ನಾನ ಒಂದು. ಸ್ನಾನ ಮಾಡಿದವನು ದೊಡ್ಡ ಧಣಿ.

ಅಪ್ಪನ ನೋವು ಬೇರೆ ರೀತಿಯದು. ಆ ಕಡೆಯವರು ಕುದುರೆ ಹತ್ತುವ ಮೊದಲು ಲೋಟದಲ್ಲಿ ಉಳಿದ ಕಾಫಿಯನ್ನು ಬೆಂಕಿಗೆ ಎರಚಿ ಹೋಗುತ್ತಾರೆ. ಪ್ರತಿ ಸಲ ಎರಚಿದಾಗಲೂ ಅಪ್ಪ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. "ನೋಡು, ಮತ್ತೆ ಚೆಲ್ದ! ಅರ್ಧ ಲೋಟ! ಒಂದೇ ಒಂದು ಗಿಡ ಬೆಳ್ಸಿ ನೋಡ್ಲಿ ಆ ಹುಡುಗ, ಗೊತ್ತಾಗುತ್ತೆ." ಕೊಲೆಗಳಾದಾಗ ಅಪ್ಪ ಎದ್ದದ್ದಿಲ್ಲ.

ಅಮ್ಮನಿಗೆ ಇಬ್ಬರ ಮೇಲೆ ಅನುಮಾನ. ಒಂದು, ಆಯಮ್ಮನ ಮೇಲೆ: "ಹೊಳೇಲಿ ನೀರಿಲ್ಲ ನೀರಿಲ್ಲ ಅಂತ ಅಳ್ತಾಳೆ, ಬಿಳೀ ಸೆರಗು ಮಾತ್ರ ದಿನಾ ಒಗೆದಂಗಿರುತ್ತೆ." ಆಯಮ್ಮ ಹಾಕುವುದು ಗೌನು, ಸೆರಗಿಲ್ಲ ಎಂದು ನಾನು ತಿದ್ದಿದ್ದನ್ನು ಅಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡು, ಕುದುರೆಯವನ ಮೇಲೆ: "ಊರಿಲ್ಲ ಕೇರಿಲ್ಲ, ಅಪ್ಪ ಅಮ್ಮ ಯಾರೋ, ಒಂದು ಗುಂಟೆ ಜಾಗ ಇಲ್ಲ. ಇಂಥವರಿಗೆಲ್ಲ ಯಾರು ಹೆಣ್ಣು ಕೊಡ್ತಾರೆ?" ಇದನ್ನು ಹೇಳುವಾಗ ಅಮ್ಮ ಟಿ.ವಿ. ಬಿಟ್ಟು ನನ್ನ ಕಡೆ ಏಕೆ ನೋಡುತ್ತಿದ್ದಳೋ.

ಶೀನ ಮೇಸ್ತ್ರಿ ಮರುದಿನದ ಕೆಲಸ ಕೇಳಿಕೊಂಡು ಹೋಗಲು ಬಂದವನು ಬಾಗಿಲಿಗೆ ಒರಗಿ ಇಡೀ ಕಂತು ನೋಡಿಯೇ ಹೋಗುತ್ತಿದ್ದ. ಕೂರಿ ಎಂದರೆ ಕೂರುವುದಿಲ್ಲ. ಕೂತರೆ ಅದು ಟಿ.ವಿ. ನೋಡಿದ ಹಾಗಾಗುತ್ತದಂತೆ. "ರೈಟರಮ್ಮಾ, ಆ ಧಣಿ ಹತ್ರ ನಲವತ್ತು ಆಳಿದಾರೆ. ಒಬ್ಬನಾದ್ರೂ ನೆಲದ ಮೇಲೆ ಕಾಲಿಟ್ಟು ಕೆಲ್ಸ ಮಾಡಿದ್ದು ನೋಡಿದ್ರಾ? ಹಾಜರಿ ತಗಳಾದಿಲ್ಲ, ಏನಿಲ್ಲ. ಇನ್ನು ಆ ಬೇಲಿ! ಎರಡು ಅಡ್ಡಪಟ್ಟಿ. ನಮ್ ಕಡೆ ಆನೆ ಬಂದ್ರೆ ಅದು ಬೇಲಿ ಅಂತ ಆನೆಗೆ ಗೊತ್ತೇ ಆಗಲ್ಲ."

ಐದನೆಯ ಅಂಕಣವನ್ನು ಖಾಲಿ ಬಿಟ್ಟೆ. ದಾಖಲೆ ಇಡುವವಳು ಪಕ್ಷ ವಹಿಸಬಾರದು ಎಂಬುದು ನನ್ನ ಸಿದ್ಧಾಂತ. ಪುಟದ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ, ಸಣ್ಣಗೆ, 'ಕುದುರೆಯವನು ನಕ್ಕಿದ್ದು' ಎಂಬ ಒಂದು ಲೆಕ್ಕ ಇಟ್ಟಿದ್ದೆ, ನಿಜ. ಆದರೆ ಅದು ಅಭಿಪ್ರಾಯವಲ್ಲ, ಎಣಿಕೆ. ಇಪ್ಪತ್ತೇಳು ಕಂತಿಗೆ ಒಟ್ಟು ಮೂರು ಸಲ. ಹತ್ತನೆಯ ಕಂತಿನದು ಅರ್ಧ ನಗೆ, ಒಂದೆಂದೇ ಹಿಡಿದಿದ್ದೇನೆ.

ಬೆಳಗ್ಗೆ ಗುಂಪಿಗೆ ಫೋಟೋ ತೆಗೆಯುವಾಗ ಬಲಪುಟದ ಮೇಲೆ ಹಳೇ ಕ್ಯಾಲೆಂಡರಿನ ಒಂದು ಹಾಳೆ ಮುಚ್ಚುತ್ತಿದ್ದೆ. ಇಪ್ಪತ್ತಾರು ದಿನಗಳಲ್ಲಿ ಒಮ್ಮೆಯೂ ಮರೆತವಳಲ್ಲ.

ಫೆಬ್ರವರಿಯ ಕೊನೆಯ ವಾರ, ಒಂದು ಗುರುವಾರ, ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಇಪ್ಪತ್ತು ನಿಮಿಷ ಮಳೆ ಹೊಯ್ದು ನಿಂತುಬಿಟ್ಟಿತು. ಕಾಫಿ ಗೊತ್ತಿಲ್ಲದವರು ಮಳೆ ಬಂತಲ್ಲ ಎಂದು ಸಂತೋಷಪಡಬಹುದು. ರೋಬಸ್ಟಾ ಮೊಗ್ಗು ಅರಳಬೇಕಾದರೆ ಒಂದೇ ಸಲಕ್ಕೆ ಒಂದು ಇಂಚಾದರೂ ಬೇಕು. ಅರೆಬರೆ ಬಿದ್ದರೆ ಮೊಗ್ಗು ಎಚ್ಚರಾಗುತ್ತದೆ, ಅರಳಲು ಶಕ್ತಿ ಇರುವುದಿಲ್ಲ, ಬಿಸಿಲಿಗೆ ಹಾಗೇ ಕರಟುತ್ತದೆ. ಒಂದೆರಡು ದಿನದಲ್ಲಿ ಮತ್ತೆ ಮಳೆಯಾಗಬೇಕು, ಇಲ್ಲವೇ ಸ್ಪ್ರಿಂಕ್ಲರಿನಲ್ಲಿ ನೀರು ಕೊಡಬೇಕು. ಇಲ್ಲದಿದ್ದರೆ ಮುಂದಿನ ವರ್ಷದ ಬೆಳೆಯನ್ನು ಈ ವರ್ಷವೇ ಮರೆಯಬಹುದು. ನಮ್ಮ ಬಾವಿಯ ತಳ ಕಾಣುತ್ತಿತ್ತು. ಗೌಡರ ಕೆರೆ ತುಂಬಿತ್ತು.

ಆವತ್ತು ಏಳಕ್ಕೆ ಕುದುರೆ ನೋಡಲು ಕೂತಾಗ ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಇಪ್ಪತ್ತೇಳನೆಯ ಕಂತು, ಮೊದಲ ಭಾಗದ ಕೊನೆ. ದೊಡ್ಡ ಧಣಿ ತನ್ನ ಕಟ್ಟೆಯ ಮೇಲೆ ನಿಂತು ನೀರನ್ನು ನೋಡಿ ಮೀಸೆ ತಿರುವುತ್ತಾನೆ. ಕುದುರೆಯವನು ಬರುತ್ತಾನೆ. ಗುಂಡು ಹಾರುತ್ತದೆ. ಧಣಿ ಕಟ್ಟೆಯಿಂದ ಉರುಳಿ ನೀರಿಗೇ ಬೀಳುತ್ತಾನೆ. ಅಪ್ಪ ಅಭಿಪ್ರಾಯ ಹೇಳಿದರು, ನಾನು ಅಕ್ಷರ ಬಿಡದೆ ಬರೆದುಕೊಂಡೆ.

ಮರುದಿನ ಬೆಳಗ್ಗೆ ಎಂಟಕ್ಕೆ ಗೇಜು ನೋಡಿದೆ. ಮೂವತ್ತೈದು ಸೆಂಟ್. ಅಪ್ಪ ಹಿಂದೆಯೇ ನಿಂತು "ಬೇಗ ಕಳ್ಸು, ಮೇಲಿನ ತೋಟದ್ದು ಎಷ್ಟು ಅಂತ ನೋಡಾಣ, ಕಳ್ಸು ಕಳ್ಸು" ಎಂದು ಅವಸರ ಮಾಡಿದರು. ಕಳಿಸಿದೆ. ಕಳಿಸಿ, ಫೋನು ಕೆಳಗಿಟ್ಟು, ಪಕ್ಕದಲ್ಲೇ ಇದ್ದ ಕ್ಯಾಲೆಂಡರ್ ಹಾಳೆಯನ್ನು ನೋಡಿದೆ. ಅದು ಗಾಳಿಗೆ ಮೆಲ್ಲಗೆ ಅಲ್ಲಾಡುತ್ತಿತ್ತು. ಅಳಿಸುವಷ್ಟರಲ್ಲಿ ಹದಿಮೂರು ತೋಟದವರಲ್ಲಿ ಹನ್ನೊಂದು ಮಂದಿ ನೋಡಿಯಾಗಿತ್ತು. ಎಂಟು ನಲವತ್ತಕ್ಕೆ ಅಂಗಳದಲ್ಲಿ ಗೌಡರ ಜೀಪಿನ ಸದ್ದಾಯಿತು. ಅಪ್ಪ ಕಾಫಿ ಮೂಟೆ ಇಡುವ ಸ್ಟೋರ್ ರೂಮಿನ ಕಡೆಗೆ, ಅಲ್ಲಿ ಏನೋ ಭಾರೀ ತುರ್ತು ಕೆಲಸ ಇರುವವರ ಹಾಗೆ ನಡೆದುಹೋದರು.

"ಬನ್ನಿ ಗೌಡ್ರೇ, ಕೂತ್ಕಳಿ. ಎರಡು ವರ್ಷ ಆಯ್ತಲ್ಲ ಈ ಕಡೆ ಬಂದು," ಎಂದಳು ಅಜ್ಜಿ. ಒಂದು ವರ್ಷ ಹನ್ನೊಂದು ತಿಂಗಳು ಎಂದು ತಿದ್ದಬೇಕೆನಿಸಿತು.

ಗೌಡರು ಕೂತರು. ಅಮ್ಮ ತಂದುಕೊಟ್ಟ ಕಾಫಿ ಕುಡಿದರು. ಜೇಬಿನಿಂದ ಫೋನು ತೆಗೆದು, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಕೇಳಿದರು. "ಯಾರದಮ್ಮಾ ಈ ಅಕ್ಷರ?"

"ನಂದು," ಎಂದೆ.

"ಮುದ್ದಾಗಿದೆ. ಅಳಿಸೋ ಮುಂಚೆನೇ ಇಳಿಸ್ಕಂಡೆ." ಆಮೇಲೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ಅಪ್ಪ: ಈ ದೊಡ್ಡ ಧಣಿ ಥೇಟ್ ನಮ್ಮ ರುದ್ರೇಗೌಡ. ಅದೇ ಮೀಸೆ, ಅದೇ ನಡಿಗೆ, ಅದೇ ನೀರು ಕಟ್ಟೋ ಬುದ್ಧಿ. ಸತ್ತಿದ್ದು ಒಳ್ಳೇದಾಯ್ತು."

ಅಮ್ಮ ಅಡುಗೆಮನೆಗೆ ಸರಿದಳು. ನಾನು ನೆಲ ನೋಡಿದೆ. ಗೌಡರು ಫೋನು ಮೇಜಿನ ಮೇಲಿಟ್ಟರು.

"ಸತ್ತನಾ?"

ಯಾರಿಗೂ ಅರ್ಥವಾಗಲಿಲ್ಲ.

"ಅಲ್ಲ ಮಾರಾಯ್ತಿ, ನಾನಿನ್ನೂ ಹತ್ತೊಂಬತ್ತನೇ ಕಂತಲ್ಲಿದೀನಿ! ದಿನಾ ಒಂದೊಂದೇ ನೋಡ್ತಿದ್ದೆ. ಮೀಸೆ ನಡಿಗೆ ಎಲ್ಲ ಇರ್ಲಿ, ಅದು ಸರಿನೇ, ನಮ್ಮನೆಯವಳೂ ಹಂಗೇ ಹೇಳಿದ್ಲು. ಆದ್ರೆ ಸತ್ತ ಅಂತ ಬೆಳಗ್ಗೆ ಎಂಟು ಗಂಟೆಗೆ ಮಳೆ ಗುಂಪಿಗೆ ಹಾಕೋದಾ? ಇನ್ನು ನನಗೆ ನೋಡಕ್ಕೆ ಏನುಳೀತು? ಆ ಧಾರಾವಾಹಿಲಿ ಅವನೊಬ್ಬನೇ ಕಣಮ್ಮಾ ಕೆಲ್ಸ ಮಾಡೋ ಮನುಷ್ಯ!"

ಇಷ್ಟು ಹೇಳಿದ್ದೇ ತಡ, ಸ್ಟೋರ್ ರೂಮಿನ ಬಾಗಿಲು ದಢಾರನೆ ತೆರೆಯಿತು. ಬೈಗುಳವನ್ನಾದರೂ ಅಪ್ಪ ಸಹಿಸಿಕೊಂಡಾರು, ತಪ್ಪು ಅಭಿಪ್ರಾಯವನ್ನು ಸಹಿಸಲಾರರು.

"ಯಾರು, ಅವನಾ ಕೆಲ್ಸ ಮಾಡೋನು? ಹೆಂಗಸು ಮಕ್ಕಳಿಗೆ ನೀರು ತಪ್ಸೋದು ಒಂದು ಕೆಲ್ಸನಾ?"

"ಕಟ್ಟೆ ಹಾಕ್ದೋನು ಯಾರು? ಹೂಳು ತೆಗ್ಸಿದೋನು ಯಾರು? ನಿಮ್ ಕುದುರೆಯೋನಿಗೆ ಏನಿದೆ ಮಾರಾಯ್ರೇ? ಬೇಲಿಗೆ ಒರಗಿ ನಿಲ್ಲಕ್ಕೆ ಬೇಲಿನಾದ್ರೂ ಅವನ್ದಾ?"

ಈ ಮಾತಿಗೆ ಶೀನ ಮೇಸ್ತ್ರಿ ಕಣದಿಂದಲೇ "ಅದು ಸತ್ಯ" ಎಂದ. ಅಪ್ಪ ಅವನನ್ನು ದುರುಗುಟ್ಟಿ ನೋಡಿದರು. ಐವತ್ತೆರಡು ನಿಮಿಷ ವಾದ ನಡೆಯಿತು. ಆಯಮ್ಮನ ಹಕ್ಕುಪತ್ರ, ಧಣಿಯ ಮುಂಗೋಪ, ಹಾಲಿಲ್ಲದ ಕಾಫಿ, ಬೇಲಿ, ಆನೆ ಯಾವುದೂ ಉಳಿಯಲಿಲ್ಲ. ಕಾಫಿ ಚೆಲ್ಲುವ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರೂ ಒಂದಾದರು. "ಅದು ಅನ್ಯಾಯ," ಎಂದರು ಗೌಡರು. "ಕಣ್ಣಲ್ಲಿ ನೋಡಕ್ಕಾಗಲ್ಲ," ಎಂದರು ಅಪ್ಪ. ಹಲಸಿನ ಮರದ ಕೆಳಗೆ ಬಿಟ್ಟುಬಂದಿದ್ದ ಮಾತು ತಾನೇ ಎದ್ದು ಮನೆಯೊಳಗೆ ಬಂದು ಕೂತಿತ್ತು.

ಆದರೆ ಹೊರಗೆ ಬಿಸಿಲು ಏರುತ್ತಿತ್ತು. ನೀರು ಕೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಅಜ್ಜಿಯೇ ಕೇಳಿದಳು. "ಗೌಡ್ರೇ, ಮೂವತ್ತೈದು ಸೆಂಟಿಗೆ ಮೊಗ್ಗು ಎದ್ದು ಕೂತಿದೆ. ವಾಲ್ವ್ ತಿರುಗ್ಸಿ."

ಗೌಡರು ಮೀಸೆಯೊಳಗೇ ನಕ್ಕರು. "ದೊಡ್ಡ ಧಣಿ ನೀರು ಬಿಡ್ತಾನಾ ಅಜ್ಜಿ? ಪುಸ್ತಕದಲ್ಲೇ ಬರೆದಿದೆಯಲ್ಲ." ಮತ್ತೆ ಫೋನು ಎತ್ತಿಕೊಂಡು ಪುಟವನ್ನು ಆ ಕಡೆ ಈ ಕಡೆ ಸರಿಸಿ ನೋಡಿದರು. "ನಾಲ್ಕು ಅಂಕಣ ತುಂಬಿದೆ. ಇದೊಂದು ಖಾಲಿ. 'ನಾನು' ಅಂತಿದೆ. ಇದ್ಯಾರು?"

"ರೈಟರ್," ಎಂದೆ.

"ಎಲ್ಲಾ ಕಂತು ನೋಡಿ, ಎಲ್ಲಾರ ಮಾತು ಬರೆದೋಳು ನೀನು. ನಿನ್ ತೀರ್ಪೇ ತೀರ್ಪು. ಹೇಳು, ಧಣಿದು ಸರಿನೋ, ಕುದುರೆಯೋನ್ದು ಸರಿನೋ? ಬಾಯಲ್ಲಿ ಬೇಡ. ಬರೆದು ಗುಂಪಿಗೆ ಹಾಕು. ಅದು ಬಂದ ಮೇಲೆ ವಾಲ್ವ್ ವಿಷಯ ನೋಡಾಣ."

ಅಪ್ಪ ನನ್ನನ್ನು ನೋಡಿದರು. ಆ ನೋಟದಲ್ಲಿ ಒಂದು ಕಡೆ ಅವರ ಅಭಿಪ್ರಾಯ ಇತ್ತು, ಇನ್ನೊಂದು ಕಡೆ ಒಂಬತ್ತು ಎಕರೆ ಮೊಗ್ಗು ಇತ್ತು. ಕ್ಷಣ ಹೊತ್ತು ತೂಗಿ, ಮೊಗ್ಗಿನ ಕಡೆಗೆ ತಲೆ ಆಡಿಸಿದರು. ನಾನು ಕಣ್ಣು ಮುಚ್ಚಿದೆ. ಹತ್ತನೆಯ ಕಂತು, ಹದಿನಾರನೆಯ ಕಂತು, ಇಪ್ಪತ್ಮೂರನೆಯ ಕಂತು ಸಾಲಾಗಿ ಬಂದು ಬೇಲಿಗೆ ಒರಗಿ ನಕ್ಕವು. ಕಣ್ಣು ತೆರೆದು, ಐದನೆಯ ಅಂಕಣದಲ್ಲಿ ಪೆನ್ನಿನಲ್ಲೇ ಬರೆದೆ: 'ದೊಡ್ಡ ಧಣಿಯದೇ ಸರಿ. ಕುದುರೆಯವನು ಕೆಲಸಕ್ಕೆ ಬಾರದವನು.' ಆ ಅಂಕಣವಷ್ಟೇ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿದೆ. ಕೆಲಸಕ್ಕೆ ಬಾರದವನು ಎಂದು ಬರೆಯಲು ಗೌಡರು ಹೇಳಿರಲಿಲ್ಲ. ಮಾರುವುದಾದರೆ ಪೂರ್ತಿ ಮಾರಿಬಿಡೋಣ ಎನಿಸಿತು.

ಹತ್ತೂವರೆಗೆ ನೀರು ಬಂತು. ಪೈಪು ಕೆಮ್ಮಿತು, ಸ್ಪ್ರಿಂಕ್ಲರು ತಿರುಗಿತು. ಶೀನ ಮೇಸ್ತ್ರಿ ಜಾಗದಿಂದ ಜಾಗಕ್ಕೆ ಅದನ್ನು ಹೊತ್ತುಕೊಂಡು ಓಡಾಡಿದ. ಮೂರೂವರೆಗೆ ಎರಡು ಎಕರೆ ಮುಗಿದಿತ್ತು. ಮೂರು ಮುಕ್ಕಾಲಿಗೆ ಪಶ್ಚಿಮದಲ್ಲಿ ಕಪ್ಪಾಯಿತು. ನಾಲ್ಕಕ್ಕೆ ಮಳೆ ಶುರುವಾಯಿತು. ಅದು ಹಿಂದಿನ ದಿನದ ಮಳೆಯಲ್ಲ. ಹೆಂಚು ಒಡೆಯುವ ಹಾಗೆ, ಎರಡು ಗಂಟೆ ಬಿಡದೆ ಹೊಯ್ಯಿತು. ಅಪ್ಪ ಕೊಡೆ ಬಿಟ್ಟು ಕಣದ ಮಧ್ಯ ಗೇಜಿನ ಪಕ್ಕ ನಿಂತು ನೆನೆದರು. ಕೆಳಗೆ, ಆ ಸುರಿಮಳೆಯಲ್ಲೂ, ನನ್ನ ಅಭಿಪ್ರಾಯ ಕೊಟ್ಟು ತಂದ ಸ್ಪ್ರಿಂಕ್ಲರು ನಿಷ್ಠೆಯಿಂದ ಸುತ್ತುತ್ತಲೇ ಇತ್ತು. "ಅದನ್ನ ಯಾರಾದ್ರೂ ಆಫ್ ಮಾಡ್ರೋ, ನಾಚ್ಕೆ ಆಗುತ್ತೆ," ಎಂದು ಅಜ್ಜಿ ಕೂಗಿದಳು.

ಮೊಗ್ಗು ಉಳಿಯಿತು. ಎಂಟನೆಯ ದಿನ ಒಂಬತ್ತು ಎಕರೆಯೂ ಬೆಳ್ಳಗಾಯಿತು. ಸ್ಪ್ರಿಂಕ್ಲರ್ ತಿರುಗಿದ್ದಕ್ಕೇ ಮೋಡ ಬಂದದ್ದು ಎಂದು ಗೌಡರು ಇವತ್ತಿಗೂ ಹೇಳುತ್ತಾರೆ. ಅದನ್ನು ಅವರ ಅಂಕಣದಲ್ಲಿ ಬರೆದಿದ್ದೇನೆ. ಹೌದು, ಈಗ ಆರು ಅಂಕಣ. ಎರಡನೆಯ ಭಾಗ ನೋಡಲು ಸಂಜೆ ಏಳಕ್ಕೆ ಅವರೂ ಬರುತ್ತಾರೆ. ಧಣಿ ಸತ್ತ ಮೇಲೆ ಒಬ್ಬರೇ ಮನೆಯಲ್ಲಿ ಕೂತು ನೋಡಲು ಮನಸ್ಸಾಗುವುದಿಲ್ಲವಂತೆ.

ಆದರೆ ನನಗೆ ಸಮಾಧಾನವಾಗಲಿಲ್ಲ. ಆ ಮಳೆ ಹದಿನೆಂಟು ಗಂಟೆ ಮುಂಚೆ ಬಂದಿದ್ದರೆ ನನ್ನ ಅಂಕಣ ಶುದ್ಧವಾಗಿಯೇ ಉಳಿಯುತ್ತಿತ್ತು. ಮಳೆಯಾದ ಮರುದಿನ ಬೆಳಗ್ಗೆ ಎಂಟಕ್ಕೆ ಗೇಜು ನೋಡಿ, ಬಲಪುಟಕ್ಕೆ ಹಾಳೆಯನ್ನು ಎರಡೆರಡು ಸಲ ಮುಚ್ಚಿ, ಫೋಟೋ ಹಾಕಿ, ಕೆಳಗೆ ಇಷ್ಟು ಬರೆದೆ: 'ನಿನ್ನೆಯ ಅಭಿಪ್ರಾಯವನ್ನು ನೀರಿನ ಅಭಾವದ ಪರಿಸ್ಥಿತಿಯಲ್ಲಿ ಕೊಡಲಾಗಿದ್ದು, ಇಂದಿನಿಂದ ಹಿಂತೆಗೆದುಕೊಳ್ಳಲಾಗಿದೆ.'

ಎರಡು ನಿಮಿಷದಲ್ಲಿ ಅದೇ ಗುಂಪಿನಲ್ಲಿ, ಹದಿಮೂರೂ ತೋಟದವರ ಎದುರಿಗೆ, ಗೌಡರ ಉತ್ತರ ಬಂತು: 'ಮೊನ್ನೆ ಪುಟದ ಕೆಳಮೂಲೆಯಲ್ಲಿ ಪೆನ್ಸಿಲಲ್ಲಿ ಕುದುರೆಯವನು ನಕ್ಕಿದ್ದು ಒಟ್ಟು ಮೂರು ಅಂತ ಬರೆದಿದ್ದನ್ನ ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ ಮಗಳೇ. ನೀನೂ ಸುಮ್ಮನಿರು.'

ಒಂದು ನಿಮಿಷದೊಳಗೆ ಹೆಬ್ಬೆರಳಿನ ಗುರುತು ಒತ್ತಿದವರು ಒಂಬತ್ತು, ನಗುವ ಮುಖ ಹಾಕಿದವರು ಮೂವರು. ಅಡುಗೆಮನೆಯಿಂದ ಅಮ್ಮ, ಅಪ್ಪನ ಫೋನನ್ನು ಕೈಯಲ್ಲಿ ಹಿಡಿದುಕೊಂಡು, ನನ್ನನ್ನೇ ನೋಡುತ್ತ, ನಿಧಾನವಾಗಿ ಹೊರಗೆ ಬಂದಳು. ಹಿಂದಿನ ದಿನ ನಮ್ಮಲ್ಲಿ ಬಿದ್ದ ಮಳೆ ಒಂದು ಇಂಚು ಹನ್ನೆರಡು ಸೆಂಟ್. ಗೇಜು ಎಲ್ಲಿದೆ ಎಂದು ಕೇಳಿದವರು, ಒಟ್ಟು, ಸೊನ್ನೆ.